ಹತ್ತೊಂಬತ್ತರ ಪಾನಾ

ಬೈತಕೋಲ ಬಂದರಿನಲ್ಲಿ ಇಪ್ಪತ್ತೆರಡು ವರ್ಷ
ಟ್ರಾಲರುಗಳ ಹೊಟ್ಟೆಗೆ ತೇಪೆ ಹಾಕಿದವನು ನಾನು.
ಕಬ್ಬಿಣದ ಮಾತು ನನಗೆ ಕೇಳುತ್ತದೆ:
ಕೆಂಪಗಾದಾಗ ಒಂದು, ತಣಿಯುವಾಗ ಇನ್ನೊಂದು.
ತುಕ್ಕು ಹಿಡಿಯುವಾಗ ಮಾತ್ರ
ಕಳ್ಳನ ಹಾಗೆ ಸುಮ್ಮನಿರುತ್ತದೆ.

ಮಾಜಾಳಿಯ ದ್ರೌಪದಿ ತಾಂಡೇಲ ಬಂದು
"ಇನಾಸಾ, ಒಣಮೀನಿಗೊಂದು ಚಪ್ಪರ ಬೇಕು,
ಕಬ್ಬಿಣದ್ದು ಎರಡು ಸಲ ಆಯಿತು, ಎರಡನ್ನೂ ಉಪ್ಪುಗಾಳಿ ತಿಂದಿತು,
ಈ ಸಲ ಬಿದಿರು" ಅಂದಾಗ ನಕ್ಕೆ.
ಬಿದಿರಿಗೆ ವೆಲ್ಡರ್ ಯಾಕೆ?
ಕಪ್ಪೆಗೆ ಕೊಡೆ ಕೊಡಿಸಿದ ಹಾಗೆ.

ಹಳಿಯಾಳದಿಂದ ಫಕೀರವ್ವ ಬಂದಳು, ಮೇದಾರರಾಕೆ,
ಲಾರಿಯಲ್ಲಿ ತೊಂಬತ್ತು ಗಳ, ಬಾಯಲ್ಲಿ ಎಲೆಯಡಿಕೆ.
ಬಂದವಳೇ ಗಳಗಳನ್ನು ಕಾಳಿಯ ಹಿನ್ನೀರಿನಲ್ಲಿ ಮುಳುಗಿಸಿ
ಮೇಲೆ ಕಲ್ಲು ಹೇರಿ, ನಲವತ್ತು ದಿನ ಮುಟ್ಟಬ್ಯಾಡ್ರಿ ಅಂದಳು.
ಎತ್ತಿದ ದಿನದ ನಾತಕ್ಕೆ
ಸೀಗಡಿ ಸುಲಿಯುವ ಹೆಂಗಸರೂ ಮೂಗು ಮುಚ್ಚಿದರು.
"ಹುಳಕ್ಕ ಸಿಹಿ ಬೇಕು. ಸಿಹಿ ಎಲ್ಲಾ ಹೊಳಿ ಕುಡೀತು."
ಅಷ್ಟೇ ಅವಳ ವಿಜ್ಞಾನ.

ಮೊದಲ ಗಳದ ತುದಿಗೆ ಬೋಲ್ಟು ಬಡಿದೆ,
ನನಗೆ ಗೊತ್ತಿದ್ದ ರೀತಿಯಲ್ಲಿ.
ಚಟ್
ಹದಿನೆಂಟು ಅಡಿ ಉದ್ದಕ್ಕೂ ಸೀಳಿತು.
ಎರಡನೆಯದಕ್ಕೆ ಬೆಂಕಿ ತೋರಿಸಿದೆ. ಸುಟ್ಟಿತು, ಇನ್ನೇನು.
ಕರಗಿ ಕೂಡಿಕೊಳ್ಳಲು ಒಪ್ಪದ ವಸ್ತುವನ್ನು
ಅಲ್ಲಿಯವರೆಗೆ ನಾನು ವಸ್ತುವೆಂದೇ ಎಣಿಸಿರಲಿಲ್ಲ.

ನನ್ನ ಹೆಬ್ಬೆರಳು ಹಿಡಿದು ಅವಳು ಗಿಣ್ಣಿನ ಮೇಲಿಟ್ಟಳು:
"ಇಲ್ಲಿ ಒಳಗ ಗ್ವಾಡಿ ಐತಿ. ಇದರ ಬಾಜೂಕ ತೂತು.
ಬಡೀಬ್ಯಾಡ, ಕೊರಿ.
ಉಳಿದದ್ದೆಲ್ಲಾ ಬರೇ ಗಾಳಿ.
ಗಾಳಿಗೆ ಮೊಳಿ ಹೊಡದರ ನಿಲ್ಲತೈತೇನು?"

ಡ್ರಿಲ್ಲಿಗೆ ಸಣ್ಣ ಬಿಟ್ಟು. ಟೊಳ್ಳಿಗೆ ಗಾರೆ, ಗಾರೆಯೊಳಗೆ ಸರಳು.
ಬುಡಕ್ಕೆ ಸತುವಿನ ನೀರು ಕುಡಿಸಿದ ಉಕ್ಕಿನ ಪಾದ,
ನೆಲದ ತೇವಕ್ಕೆ ಬಿದಿರು ಸಿಗದ ಹಾಗೆ ಒಂದೂವರೆ ಅಡಿ.
ಬಾಗುವುದು ಅದರ ಕೆಲಸ, ಹಿಡಿಯುವುದು ನನ್ನದು.
ಹೇಳಲು ಸುಲಭ. ಮಾಡಹೋದರೆ
ಒಂದು ಗಳದ ದಪ್ಪ ಇನ್ನೊಂದಕ್ಕಿಲ್ಲ;
ಮೂವತ್ತಾರು ಪಟ್ಟಿ, ಮೂವತ್ತಾರು ಅಳತೆ.
ಪೈಪಿಗೆ ಪಳಗಿದ ಕೈ
ಈ ವಯಸ್ಸಿನಲ್ಲಿ ದರ್ಜಿಯ ಕೈಯಾಗಬೇಕಾಯಿತು.

ಜೂನಿನ ಒಂದು ರಾತ್ರಿ ಕಡಲು ರಸ್ತೆಗೆ ಬಂತು.
ಚಪ್ಪರದಡಿಯೇ ಮಲಗಿದ್ದೆ, ನಿದ್ದೆ ಎಲ್ಲಿಂದ.
ಬೆಳತನಕ ಅದು ನರಳಿತು.
ಹಡಗಿನಲ್ಲಿ ಆ ಸದ್ದು ಬಂದರೆ
ನಾವು ಶಿಲುಬೆ ಗುರುತು ಹಾಕಿಕೊಳ್ಳುತ್ತೇವೆ.
ಬೆಳಿಗ್ಗೆ ನೋಡಿದರೆ ಪಕ್ಕದ ತಗಡಿನ ಶೆಡ್ಡು
ಗಾಳಿಮರದ ತೋಪಿನಲ್ಲಿ ಮುದುಡಿ ಬಿದ್ದಿತ್ತು.
ನಮ್ಮದು ನಿಂತಿತ್ತು. ಮೂರು ನಟ್ಟು ಸಡಿಲ.
ನಾಲ್ಕು ಮೂಲೆಗಳಲ್ಲಿ ಮಾತ್ರ, ಬೆಸುಗೆಯ ಪಕ್ಕದಲ್ಲೇ,
ಬಿದಿರು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಹೌದು, ಬೆಸುಗೆ.
ಯಾರಿಗೂ ಹೇಳದೆ ಆ ನಾಲ್ಕು ಪಟ್ಟಿಗಳ ಬಾಯಿ
ನಾನು ಸುಟ್ಟು ಮುಚ್ಚಿದ್ದೆ,
ನನ್ನ ಧೈರ್ಯಕ್ಕೆ.

ಫಕೀರವ್ವ ಬಿರುಕು ಮುಟ್ಟಿದಳು, ಬಯ್ಯಲಿಲ್ಲ.
"ನಿಂದು ಎಷ್ಟ ವರ್ಷ ಬಾಳತೈತಿ?"
ಬಣ್ಣ ಬಳಿಯುತ್ತಿದ್ದರೆ ಇಪ್ಪತ್ತೈದು, ಅಂದೆ.
"ನಂದು ಹತ್ತು, ಹನ್ನೆರಡು.
ನಂದು ಸತ್ತಾಗ ನಿಂದು ಕೈ ಬಿಡಬೇಕಲ್ಲಪಾ.
ಬಿಟ್ಟರ ಹೊಸಾದು ಬಂದು ಕುಂದರತೈತಿ."

ಅವಳ ಬಸ್ಸು ಹೋದ ಮೇಲೆ ಗ್ರೈಂಡರ್ ಹಿಡಿದು
ನಾಲ್ಕೂ ಬೆಸುಗೆ ಕೊಯ್ದೆ.
ಜೀವನದಲ್ಲಿ ಮೊದಲ ಸಲ ನನ್ನದೇ ಗೆರೆಯನ್ನು ನಾನು ಬಿಚ್ಚಿದ್ದು;
ಕಿಡಿ ಮರಳಿಗೆ ಬಿದ್ದು ಆರಿದವು.
ನಾಲ್ಕೂ ಕಡೆ ಬೋಲ್ಟು ಹಾಕಿ,
ಕೈಗೆ ಸಾಕು ಅನ್ನಿಸುವಷ್ಟು ಬಿಗಿದು, ಕಾಲು ಸುತ್ತು ಹಿಂದೆ ಬಿಟ್ಟೆ.

ನಾಲ್ಕನೆಯ ಕಂಬಕ್ಕೆ ನೈಲಾನ್ ಹಗ್ಗದಲ್ಲಿ
ಹತ್ತೊಂಬತ್ತರ ಪಾನಾ ಕಟ್ಟಿದ್ದೇನೆ,
ಹತ್ತು ವರ್ಷದ ನಂತರ ಬರುವವರಿಗೆ.
ಸದ್ಯಕ್ಕೆ ದ್ರೌಪದಿ
ಅದಕ್ಕೆ ತನ್ನ ಕೊಡೆ ನೇತುಹಾಕುತ್ತಾಳೆ.